ಆಯಿಯ ಮಾಳಿಗೆ ಮನೆಗೆ ನಡುಪಟ್ಟಿ

ಆಯಿಯ ಈ ಹಳೇ ಕಲ್ಲುಮನೆಯನ್ನು ಭೂಕಂಪಕ್ಕೆ ಬೀಳದ ಹಾಗೆ ಗಟ್ಟಿ ಮಾಡಿಸುತ್ತಿದ್ದೇವೆ. ಈ ಗೋಡೆ ನೋಡಿ. ಎರಡೂವರೆ ಅಡಿ ದಪ್ಪ. ಹೊರಗೆ ಕಲಬುರಗಿ ಬಿಸಿಲು ಸುಡುತ್ತಿದ್ದರೂ ಒಳಗೆ ತಣ್ಣಗಿರುತ್ತೆ. ಚಿಕ್ಕವರಿದ್ದಾಗ ಇದಕ್ಕೇ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಇಷ್ಟು ದಪ್ಪ ಗೋಡೆಗೆ ಏನಾಗುತ್ತೆ ಅಂತ ಮನೆಯವರಿಗೆಲ್ಲ ಧೈರ್ಯ. ಆಯಿಗೆ ಮಾತ್ರ ಆ ಧೈರ್ಯ ಇರಲಿಲ್ಲ.

1993ರ ಸೆಪ್ಟೆಂಬರ್ 30. ಬೆಳಗಿನ ಜಾವ, ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ತಾವಾಗಿಯೇ ಸದ್ದು ಮಾಡಿದವು ಅಂತ ಆಯಿ ಇವತ್ತಿಗೂ ಹೇಳುತ್ತಾಳೆ. ಗಡಿಯಾಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದ ಜನ ತಡವಾಗಿ ಮಲಗಿದ್ದರು. ಸಾವಿರಾರು ಮಂದಿ ಏಳಲೇ ಇಲ್ಲ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು. ಅಲ್ಲಿನ ಮನೆಗಳೂ ನಮ್ಮ ಮನೆಯಂಥವೇ. ಕಲ್ಲು, ಮಣ್ಣು, ಮೇಲೆ ಮಾಳಿಗೆ, ಅಂದರೆ ಕಟ್ಟಿಗೆ ತೊಲೆಗಳ ಮೇಲೆ ಮಣ್ಣು ಹಾಕಿದ ಚಾವಣಿ.

2021ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಜನ ರಾತ್ರಿ ಮನೆ ಬಿಟ್ಟು ಹೊರಗೆ ಮಲಗಿದರು. ಆವತ್ತಿನಿಂದ ಈ ಮನೆಯ ಚಿಂತೆ ನನ್ನ ತಲೆಯಲ್ಲೂ ಕೂತಿತು.

ಕಾಕಾ ಹೇಳಿದ್ದು, ಮಾಳಿಗೆ ಕಿತ್ತು ಇದೇ ಗೋಡೆ ಮೇಲೆ ಸ್ಲ್ಯಾಬ್ ಹಾಕಿಸೋಣ ಅಂತ. ಸುತ್ತಲಿನ ಊರುಗಳಲ್ಲಿ ಎಷ್ಟೋ ಜನ ಹಾಗೆ ಮಾಡಿದ್ದಾರೆ. ನೋಡಿದರೆ ನನಗೆ ಸಂಕಟವಾಗುತ್ತೆ. ಗೋಡೆಯೊಳಗೆ ಇರೋದು ಅದೇ ಹಳೇ ಮಣ್ಣು, ತಲೆ ಮೇಲೆ ಟನ್‌ಗಟ್ಟಲೆ ಕಾಂಕ್ರೀಟ್. ನಾನು ಒಪ್ಪಲಿಲ್ಲ. ಮೊದಲು ಒಬ್ಬ ಇಂಜಿನಿಯರ್‌ರನ್ನು ಕರೆಸಿ ಮನೆಯೆಲ್ಲ ತೋರಿಸಿದೆವು.

ಈಗ ಗೋಡೆ ಕೆಲಸದ ಮೇಸ್ತ್ರಿ, ನಮ್ಮ ಗೌಂಡಿ ಕಾಕಾ ಮಾಡ್ತಿರೋ ಕೆಲಸ ಹತ್ತಿರದಿಂದ ನೋಡಿ. ಸಣ್ಣ ಹಾರೆ ತುದಿಯಿಂದ ಒಂದು ಕಲ್ಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಹೊರಗೆ ತೆಗೆಯುತ್ತಿದ್ದಾರೆ. ನಾನು ಸುತ್ತಿಗೆ ತಂದುಕೊಟ್ಟೆ. "ಬ್ಯಾಡ, ಹೊಡದ್ರ ಸುತ್ತಲಿನ ಕಲ್ಲೂ ಸಡಲ್ತಾವ" ಅಂದರು. ಕಲ್ಲು ಬಂದ ಮೇಲೆ ನಾನು ಕೈ ಹಾಕಿದೆ. ಮೊಣಕೈವರೆಗೂ ಹೋಯಿತು. ಮುಷ್ಟಿ ತುಂಬಾ ಬಂದದ್ದು ಒಣಗಿದ ಮಣ್ಣಿನ ಪುಡಿ, ಸಣ್ಣ ಸಣ್ಣ ಕಲ್ಲು. ಅಂದರೆ ನಾವು ಒಂದೇ ಅಂದುಕೊಂಡ ಗೋಡೆ ನಿಜಕ್ಕೂ ಎರಡು. ಹೊರಗಿನ ಸಾಲು ಒಂದು, ಒಳಗಿನ ಸಾಲು ಇನ್ನೊಂದು, ನಡುವೆ ಪುಡಿ. ನೆಲ ಅಲುಗಿದಾಗ ನಡುವಿನ ಪುಡಿ ಕೆಳಗಿಳಿಯುತ್ತೆ, ಎರಡು ಸಾಲೂ ಉಬ್ಬಿ ಬೇರೆಯಾಗುತ್ತವೆ. ಕಿಲ್ಲಾರಿಯ ಗೋಡೆಗಳು ಬಿದ್ದದ್ದೇ ಹೀಗೆ. ಕಟ್ಟುವಾಗಲೇ ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸಿದ್ದರೆ ಎರಡೂ ಸಾಲು ಒಂದನ್ನೊಂದು ಹಿಡಿದಿರುತ್ತಿದ್ದವು.

ಆ ಉದ್ದ ಕಲ್ಲಿನ ಕೆಲಸವನ್ನೇ ಈಗ ಕಾಂಕ್ರೀಟ್‌ನಿಂದ ಮಾಡಿಸುತ್ತಿದ್ದೇವೆ. ತೂತು ಡಮರುಗದ ಹಾಗೆ, ಎರಡೂ ಮುಖದಲ್ಲಿ ಅಗಲ, ನಡುವೆ ಸಣ್ಣ. ಎರಡೂ ತುದಿ ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬುತ್ತಾರೆ. ಸುಮಾರು ಒಂದು ಮೀಟರ್‌ಗೆ ಒಂದು. ಅಕ್ಕಪಕ್ಕದ ತೂತುಗಳನ್ನು ಒಟ್ಟಿಗೆ ತೆಗೆಯೋ ಹಾಗಿಲ್ಲ. ಒಂದು ತುಂಬಿದ ಮೇಲೆ ಇನ್ನೊಂದು. ಆಮೇಲೆ ಹತ್ತು ದಿನ ನೀರು ಉಣಿಸಬೇಕು. ಆ ಕೆಲಸ ಆಯಿಯೇ ವಹಿಸಿಕೊಂಡಿದ್ದಾಳೆ.

ಇನ್ನು ನಡುಪಟ್ಟಿ. ಬಾಗಿಲು ಕಿಟಕಿಗಳ ಸ್ವಲ್ಪ ಮೇಲೆ, ಮನೆಯ ಸುತ್ತಲೂ, ಒಳಗೂ ಹೊರಗೂ ತಂತಿ ಜಾಲರಿ ಬಿಗಿದು ಸಿಮೆಂಟ್ ಮೆತ್ತುತ್ತಾರೆ. ಮೂಲೆಗಳಲ್ಲೂ ಅಷ್ಟೇ. ಜೋಳದ ದಂಟನ್ನು ಸಿವುಡು ಕಟ್ಟುತ್ತೀವಲ್ಲ, ಹಾಗೆ. ನಾಲ್ಕೂ ಗೋಡೆ ಒಟ್ಟಿಗೆ ಅಲುಗಿದರೆ ಮೂಲೆ ಬಾಯಿ ಬಿಡೋದು ಕಡಿಮೆ.

ಮಾಳಿಗೆ ಮೇಲೆ ಹತ್ತಿ ಬನ್ನಿ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರಬಾರದು ಅಂತ ಸವಳು ಮಣ್ಣು ಹಾಕುತ್ತಾರೆ. ಹಳೇದನ್ನು ಯಾರೂ ತೆಗೆಯೋದಿಲ್ಲ. ಅಜ್ಜನ ಕಾಲದಿಂದ ಹೀಗೇ ಏರಿ ಏರಿ ಈಗ ಎರಡು ಅಡಿ ಆಗಿದೆ. ಲೆಕ್ಕ ಹಾಕಿದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ ಮೇಲೆ ಒಂದು ಅಡಿ ಮಣ್ಣು ಅಂದರೆ 120 ಘನ ಅಡಿ. ಐದು ಟನ್‌ಗೂ ಜಾಸ್ತಿ. ಆಯಿ ಮಲಗೋ ಕೋಣೆ ಮೇಲೆ ಅದರ ಎರಡರಷ್ಟು ಇದೆ!

ಒಂದು ಗೇಣಿನಷ್ಟು ಬಿಟ್ಟು ಉಳಿದದ್ದೆಲ್ಲ ಇಳಿಸುತ್ತೇವೆ. ನೀರು ಇಳಿಯದ ಹಾಗೆ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದೇ ಸವಳು ಮಣ್ಣು ತೆಳ್ಳಗೆ ಮೇಲೆ. ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಕಟ್ಟಿಗೆ ಬಡಿದು ಬಿಗಿ ಮಾಡಿಸುತ್ತೇವೆ.

ಕಿಲ್ಲಾರಿ ನಂತರ 52 ಊರುಗಳನ್ನು ಬೇರೆ ಕಡೆಗೆ ಎಬ್ಬಿಸಿ ಕಟ್ಟಿದರು. ಉಳಿದ ಊರುಗಳಲ್ಲಿ ಇರೋ ಮನೆಗಳನ್ನೇ ಗಟ್ಟಿ ಮಾಡಿಕೊಳ್ಳಲು ದುಡ್ಡು ಕೊಟ್ಟರು. ಬಹಳ ಜನ ಅದರಲ್ಲಿ ಪಕ್ಕಕ್ಕೊಂದು ಹೊಸ ಕೋಣೆ ಕಟ್ಟಿಕೊಂಡರು. ಹಳೇ ಗೋಡೆ ಹಾಗೇ ಉಳಿಯಿತು. ಅವರನ್ನು ತಪ್ಪು ಅನ್ನೋಕೆ ಮನಸ್ಸು ಬರಲ್ಲ. ಆ ರಾತ್ರಿ ನೋಡಿದವರಿಗೆ ಕಲ್ಲಿನ ಗೋಡೆ ಮೇಲೆ ಮತ್ತೆ ನಂಬಿಕೆ ಹೇಗೆ ಬರಬೇಕು, ಅಲ್ವಾ? ಆದರೆ ಹೊಸ ಮನೆ ಕಟ್ಟುವಷ್ಟು ದುಡ್ಡು ಎಲ್ಲರ ಹತ್ತಿರ ಇರಲ್ಲ. ಅಂಥವರು ಈ ಡಮರುಗದ ತೂತು, ಈ ಪಟ್ಟಿ ಒಮ್ಮೆ ನೋಡಲಿ ಅಂತಲೇ ಇಷ್ಟು ವಿವರವಾಗಿ ತೋರಿಸಿದ್ದು.

ಹಿಂದಿನ ಗೋಡೆಯಲ್ಲಿ ಇನ್ನೂ ಹನ್ನೊಂದು ತೂತು ಬಾಕಿ. ಆಯಿ ಬೆಳಿಗ್ಗೆಯೇ ಎದ್ದು ಚೆಂಬು ಹಿಡಿದು ಹೊರಟಿದ್ದಾಳೆ, ನಿನ್ನೆ ತುಂಬಿದ ಕಡೆ ನೀರು ಹಾಕೋಕೆ.