ಎದೆನೋವು ಅಂತ ಹೇಳದ ಹೃದ್ರೋಗಿ

ನರ್ಸಿಂಗ್ ವಿದ್ಯಾರ್ಥಿಗಳೆಲ್ಲರಿಗೂ ನಮಸ್ಕಾರ. ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳ ಉದ್ದ ಪಟ್ಟಿ ನಿಮ್ಮ ಪುಸ್ತಕದಲ್ಲೇ ಇದೆ. ಅದನ್ನು ಇಲ್ಲಿ ಓದಿ ಹೇಳುವುದಿಲ್ಲ. ಕಾಯಿಲೆ ಎಲ್ಲಿ ಶುರುವಾಗುತ್ತದೆ ಅಂತ ತಿಳಿದರೆ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸುಮ್ನೆ ಕೂತಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಆದರೆ ಅದರ ಸ್ವಂತ ಸ್ನಾಯುವಿಗೆ ರಕ್ತ ಸಿಗುವುದು ಕೊರೊನರಿ ಅಪಧಮನಿಗಳಿಂದ, ಅದೂ ಹೆಚ್ಚಾಗಿ ಹೃದಯ ಸಡಿಲವಾದ ಹೊತ್ತಿನಲ್ಲಿ. ಬಡಿತ ಜಾಸ್ತಿಯಾದರೆ ಆ ಹೊತ್ತು ಕಡಿಮೆಯಾಗುತ್ತದೆ, ಸ್ನಾಯುವಿನ ಬೇಡಿಕೆ ಮಾತ್ರ ಏರುತ್ತದೆ. ಹೃದ್ರೋಗಿಯ ನಾಡಿ ನಿಮಿಷಕ್ಕೆ 130 ಇದ್ದರೆ ಚಾರ್ಟ್‌ನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋಗಬೇಡಿ. ಕೂಡಲೇ ಡಾಕ್ಟರಿಗೆ ತಿಳಿಸಿ.

ಈ ನಾಳಗಳ ಒಳಪದರ ಬಹಳ ನಯವಾದದ್ದು. ಏರಿದ ಬಿಪಿ, ತಂಬಾಕಿನ ಹೊಗೆ, ಹೆಚ್ಚಿದ ಸಕ್ಕರೆ ಅದನ್ನು ಕೆಡಿಸುತ್ತವೆ. ಆಗ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳೂ ಅಲ್ಲೇ ಉಳಿಯುತ್ತವೆ. ಹೀಗೆ ಗೋಡೆಯಲ್ಲಿ ಪ್ಲಾಕ್ ಅನ್ನುವ ಕೊಬ್ಬಿನ ದಿಣ್ಣೆ ಬೆಳೆಯುತ್ತದೆ. ವರ್ಷಗಟ್ಟಲೆ ನೋವಿರುವುದಿಲ್ಲ. ನಾಳ ನಿಧಾನವಾಗಿ ಮುಚ್ಚುತ್ತಾ ಬಂದು ಒಂದು ದಿನ ಹೃದಯಾಘಾತ ಆಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಹೆಚ್ಚಿನ ಸಲ ಹಾಗಲ್ಲ. ಪ್ಲಾಕ್‌ನ ಮೇಲ್ಪದರ ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿಹೋಗುತ್ತದೆ. ನಿನ್ನೆ ಮೆಟ್ಟಿಲು ಹತ್ತಿದವರು ಇವತ್ತು ಕುಸಿದು ಬೀಳುವುದು ಇದರಿಂದಲೇ.

ವಯಸ್ಸಾದಂತೆ ಬಿಪಿ ಏರುವುದು ಸಹಜ ಅಂತ ಒಂದು ಕಾಲದಲ್ಲಿ ಡಾಕ್ಟರುಗಳೂ ನಂಬಿದ್ದರು. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ 5,209 ಜನರ ಮೇಲೆ ಒಂದು ಅಧ್ಯಯನ ಶುರುವಾಯಿತು. ಬಿಪಿ, ಕೊಲೆಸ್ಟ್ರಾಲ್, ಧೂಮಪಾನ ಹೃದ್ರೋಗದ ಅಪಾಯ ಹೆಚ್ಚಿಸುತ್ತವೆ ಅಂತ ಅದು ತೋರಿಸಿತು. ನೀವು ದಿನಾ ನೋಡುವ ಬಿಪಿಗೆ ಅಷ್ಟು ಬೆಲೆ ಇದೆ. ತೋಳಿಗೆ ಸುತ್ತುವ ಕಫ್ ಪಟ್ಟಿಯ ಅಳತೆ ಸರಿಯಿರಲಿ, ಬಿಪಿ ನೋಡುವ ಮೊದಲು ರೋಗಿ 5 ನಿಮಿಷ ಸುಧಾರಿಸಿಕೊಳ್ಳಲಿ.

ಎಲ್ಲದಕ್ಕೂ ಕೊಲೆಸ್ಟ್ರಾಲೇ ಕಾರಣ ಅಲ್ಲ. ರುಮ್ಯಾಟಿಕ್ ಹೃದ್ರೋಗ ಶುರುವಾಗುವುದು ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ತಂದ ಗಂಟಲು ನೋವಿನಿಂದ. ಅದು ಹೆಚ್ಚಾಗಿ ಹೃದಯದ ಎಡಭಾಗದ ಮೈಟ್ರಲ್ ಕವಾಟವನ್ನು ಹಾಳು ಮಾಡುತ್ತದೆ. ಹುಟ್ಟಿನಿಂದ ಬರುವ ದೋಷಗಳು ಬೇರೆಯೇ. ಹೃದಯ ಸೋತಾಗ ಎಡಭಾಗದ ತೊಂದರೆ ಉಸಿರಾಟದಲ್ಲಿ, ಬಲಭಾಗದ್ದು ಕಾಲಿನ ಊತದಲ್ಲಿ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ರೋಗಿಯ ಮಾತು. ಎಲ್ಲರೂ ಎದೆನೋವು ಅನ್ನುವುದಿಲ್ಲ. ಹೆಂಗಸರು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಎಷ್ಟೋ ಸಲ "ಗ್ಯಾಸ್ ಇರಬೇಕು ಸಿಸ್ಟರ್", "ಯಾಕೋ ಸುಸ್ತು" ಅನ್ನುತ್ತಾರೆ. ಮುಖ ಬೆವರಿರುತ್ತದೆ, ದವಡೆ ಹಿಡಿದಂತಿರುತ್ತದೆ. ಆಗ ಆ ಗ್ಯಾಸ್ ಅನ್ನುವ ಮಾತನ್ನು ಒಪ್ಪಿಕೊಳ್ಳಬೇಡಿ. 10 ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಿದ್ದರೂ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಮೊದಲ ಪರೀಕ್ಷೆಯಲ್ಲಿ ಏರಿರದಿದ್ದರೂ ಹೃದಯಾಘಾತ ಇರಬಹುದು. ರೋಗಿ ಇನ್ನೂ ಬೆವರುತ್ತಿದ್ದರೆ ಡಾಕ್ಟರಿಗೆ ಮತ್ತೆ ಹೇಳಿ, ಇಸಿಜಿ ಮತ್ತೆ ಆಗಲಿ.