ಬೇರೆಯವರ ಕೋಡ್ ಓದಿಸಿ

ಎಲ್ಲರಿಗೂ ನಮಸ್ಕಾರ. ನಿಮ್ಮ ಕಾಲೇಜಿನ ಸಾಫ್ಟ್‌ವೇರ್ ಪಠ್ಯಕ್ರಮಕ್ಕೆ ಯಾವ ಹೊಸ ಟೂಲ್ ಸೇರಿಸಬೇಕು ಎಂದು ಕೇಳಲು ನನ್ನನ್ನು ಕರೆದಿದ್ದೀರಿ. ಆ ಪಟ್ಟಿ ನಾನು ತಂದಿಲ್ಲ. ಕಾಲೇಜು ಮುಗಿಸಿ ನಮ್ಮ ಸಾಫ್ಟ್‌ವೇರ್ ತಂಡಕ್ಕೆ ಸೇರಿದ ಒಬ್ಬ ಹುಡುಗನ ಮೊದಲ ವಾರದ ಕತೆ ಹೇಳುತ್ತೇನೆ.

ಓದಿನಲ್ಲಿ ಮುಂದಿದ್ದ ಹುಡುಗ. ಸೋಮವಾರ ಅವನಿಗೆ ಸರಿಮಾಡಲು ಸಣ್ಣದೊಂದು ಬಗ್, ಅಂದರೆ ಕೋಡಿನ ದೋಷ, ಕೊಟ್ಟೆವು. ಹುಟ್ಟಿದ ದಿನಾಂಕ 15 ಎಂದು ತುಂಬಿದರೆ ವರದಿಯಲ್ಲಿ 14 ಎಂದು ಬರುತ್ತಿತ್ತು. ಮಂಗಳವಾರ ಸಂಜೆ ಹೋಗಿ ನೋಡಿದರೆ, ಆ ವರದಿಯ ಕೋಡನ್ನೇ ಅಳಿಸಿ ಹೊಸದಾಗಿ ಬರೆಯುತ್ತಾ ಕೂತಿದ್ದ. ಯಾಕಪ್ಪಾ ಅಂದರೆ, "ಸರ್, ಹಳೇದು ಅರ್ಥವಾಗಲಿಲ್ಲ" ಎಂದ.

ಆಗಿದ್ದು ಇಷ್ಟೇ. ದಿನಾಂಕವನ್ನು ಸ್ಥಳೀಯ ಮಧ್ಯರಾತ್ರಿ ಎಂದು ಹಿಡಿದು, ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕೆ ಬದಲಿಸಿ ಡೇಟಾಬೇಸಿಗೆ ಹಾಕುತ್ತಿದ್ದರು. ಗ್ರೀನ್‌ವಿಚ್‌ಗೆ ಪೂರ್ವದಲ್ಲಿರುವವರಿಗೆ ಮಧ್ಯರಾತ್ರಿಯಾದಾಗ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನ. ವರದಿ ಅದನ್ನು ವಾಪಸ್ ತಿರುಗಿಸದೆ ಹಾಗೇ ತೋರಿಸುತ್ತಿತ್ತು. ತಿದ್ದಬೇಕಾಗಿದ್ದು ಒಂದೇ ಸಾಲು. ಆ ಸಾಲು ಸಿಗಲು ಶುಕ್ರವಾರ ಆಯಿತು. ತನ್ನ ಬದಲಾವಣೆ ಸೇರಿಸಿಕೊಳ್ಳಿ ಎಂದು ಅವನು ಕಳಿಸಿದ ಪುಲ್ ರಿಕ್ವೆಸ್ಟ್‌ನಲ್ಲಿ ಮಾತ್ರ 40 ಫೈಲ್ ಬದಲಾಗಿದ್ದವು. ಅವನು ಕೋಡ್ ಬರೆಯುವ ಎಡಿಟರ್ ತಂತ್ರಾಂಶ ಎಲ್ಲ ಕಡೆ ತಾನಾಗೇ ಸ್ಪೇಸ್ ಸರಿಮಾಡಿತ್ತು! ಅಸಲಿ ಸಾಲನ್ನು ಅದರೊಳಗೆ ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಕಾಲೇಜಿನಲ್ಲಿ ಬರೆದದ್ದೆಲ್ಲ ಖಾಲಿ ಫೈಲಿನಿಂದ ಶುರುವಾಗಿ, ಅಂಕ ಬಂದ ದಿನ ಮುಗಿದುಹೋಗಿತ್ತು. ಕೆಲಸದಲ್ಲಿ ಖಾಲಿ ಫೈಲ್ ಸಿಗುವುದೇ ಅಪರೂಪ. ಯಾರೋ ಬರೆದು ಬಿಟ್ಟುಹೋದ ಕೋಡಿನಲ್ಲೇ ದಿನ ಕಳೆಯುತ್ತದೆ.

ಕಾಲೇಜಿನ ಪಾಠಕ್ಕೂ ಕೆಲಸಕ್ಕೂ ಹೊಂದಿಕೆಯಿಲ್ಲ ಅನ್ನುವ ಈ ದೂರು ಹಳೆಯದು. ಸಾಫ್ಟ್‌ವೇರ್ ಇಂಜಿನಿಯರಿಂಗ್ ಅನ್ನುವ ಹೆಸರು ಚಾಲ್ತಿಗೆ ಬಂದದ್ದು 1968ರಲ್ಲಿ, ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೊ ಸಮ್ಮೇಳನದಿಂದ. ವಿಶ್ವವಿದ್ಯಾಲಯದವರೂ ಉದ್ಯಮದವರೂ ಅಲ್ಲಿ ಒಟ್ಟಿಗೇ ಕೂತಿದ್ದರು. ಆಮೇಲೆ ದೂರವಾದೆವು. 1970ರಲ್ಲಿ ಅಮೆರಿಕದ ಇಂಜಿನಿಯರ್ ವಿನ್‌ಸ್ಟನ್ ರಾಯ್ಸ್ ಒಂದು ಲೇಖನದಲ್ಲಿ, ಸಾಫ್ಟ್‌ವೇರ್ ಕಟ್ಟುವ ಕೆಲಸ ಮೇಲಿಂದ ಕೆಳಗೆ ಇಳಿಯುವ ಹಂತಗಳ ಚಿತ್ರ ಬರೆದರು. ಇದನ್ನು ಹೀಗೇ ಮಾಡಿದರೆ ಅಪಾಯ ಎಂದು ಅದೇ ಲೇಖನದಲ್ಲಿ ಎಚ್ಚರಿಸಿದರು. ನಾವು ಎಚ್ಚರಿಕೆ ಬಿಟ್ಟು, ಚಿತ್ರವನ್ನಷ್ಟೇ ವಾಟರ್‌ಫಾಲ್ ಮಾದರಿ ಎಂದು ಬಾಯಿಪಾಠ ಮಾಡಿಸಿದೆವು. ಆ ಚಿತ್ರ ಬರೆದು ಅಂಕ ತಗೊಂಡವರಲ್ಲಿ ನಾನೂ ಒಬ್ಬ.

ಟೂಲ್‌ಗಳ ಬಗ್ಗೆ ಒಂದೇ ಮಾತು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಂದದ್ದು 2005ರಲ್ಲಿ. ಅದಕ್ಕೆ ಮುಂಚೆ ಅದೇ ಕೆಲಸಕ್ಕೆ ಸಿವಿಎಸ್, ಸಬ್‌ವರ್ಷನ್ ಇದ್ದವು. ಹೆಸರು ಬದಲಾದರೂ ಯಾರು, ಯಾವಾಗ, ಯಾಕೆ ಬದಲಿಸಿದರು ಅನ್ನುವ ಪ್ರಶ್ನೆ ಬದಲಾಗಲಿಲ್ಲ. ಕಂಪನಿಗೆ ಬೇಕಾದ ಟೂಲನ್ನು ಕಂಪನಿಯೇ ಕಲಿಸಿಕೊಳ್ಳಲಿ. ಅದಕ್ಕೆ ಕಾಲೇಜನ್ನು ಸುಮ್ನೆ ದೂರಬಾರದು.

ಹಾಗಾದರೆ ಏನು ಮಾಡಬಹುದು? ಈ ವರ್ಷದ ಪ್ರಾಜೆಕ್ಟ್‌ಗಳನ್ನು ಬೈಂಡ್ ಮಾಡಿಸಿ ಬೀರುವಿನಲ್ಲಿ ಇಡಬೇಡಿ. ಮುಂದಿನ ಬ್ಯಾಚಿನ ಕೈಗೆ ಕೊಡಿ. ಅವರು ಅದರಲ್ಲಿ ಮೂರು ಬಗ್ ಸರಿಮಾಡಲಿ, ಒಂದು ಹೊಸ ಸೌಲಭ್ಯ ಸೇರಿಸಲಿ. ಅರ್ಧ ದಾರಿಗೆ ಬಂದಾಗ ಬೇಡಿಕೆಯಲ್ಲಿ ಒಂದನ್ನು ಬದಲಿಸಿಬಿಡಿ. ಗೊಣಗುತ್ತಾರೆ, ಗೊಣಗಲಿ.

ಅಂಕ ಹೇಗೆ ಕೊಡೋದು ಅಂತ ಕೇಳುತ್ತೀರಿ, ಅಲ್ವಾ? ಕಮಿಟ್‌ಗಳನ್ನು, ಅಂದರೆ ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆಯನ್ನು, ಓದಿ. ಬದಲಾವಣೆ ಎಷ್ಟು ಚಿಕ್ಕದಾಗಿದೆ ನೋಡಿ. ಬಗ್ ತೋರಿಸಲು ಬರೆದ ಟೆಸ್ಟ್ ಕೋಡ್ ಮೊದಲು ಫೇಲ್ ಆಗಿ ಆಮೇಲೆ ಪಾಸ್ ಆಯಿತಾ ನೋಡಿ. ಗೆಳೆಯನ ಕೋಡಿನ ಮೇಲೆ ಬರೆದ ರಿವ್ಯೂ ಟಿಪ್ಪಣಿಗೂ ಅಂಕ ಇರಲಿ. ಬರೀ "ಚೆನ್ನಾಗಿದೆ" ಎಂದು ಬರೆದವನಿಗೆ ಸೊನ್ನೆ. ಮೇಷ್ಟ್ರುಗಳಿಗೆ ಕೆಲಸ ಜಾಸ್ತಿ, ಒಪ್ಪುತ್ತೇನೆ. ನಮ್ಮಂಥವರನ್ನು ಹೀಗೆ ಭಾಷಣಕ್ಕೆ ಕರೆಯುವ ಬದಲು, ವಾರಕ್ಕೆ ಎರಡು ಗಂಟೆ ಲ್ಯಾಬಿನಲ್ಲಿ ರಿವ್ಯೂ ಮಾಡಲು ಕೂರಿಸಿ. ನಾನು ಬರಲು ತಯಾರಿದ್ದೇನೆ.

ಮೊದಲ ವಾರ ಸೀನಿಯರ್‌ಗಳೂ ಅಲ್ಲೇ ಇರಲಿ. ಈ 'ಟೆಂಪ್2' ಅನ್ನುವ ವೇರಿಯಬಲ್ ಯಾಕಿದೆ ಎಂದು ಜೂನಿಯರ್ ಕೇಳುತ್ತಾನೆ. ಬರೆದವನು ಸ್ಕ್ರೀನ್ ಹತ್ತಿರ ಬಂದು, ಸ್ವಲ್ಪ ಹೊತ್ತು ನೋಡಿ, ತಲೆ ಕೆರೆದುಕೊಳ್ಳುತ್ತಾನೆ.