ಚಾಮರಾಜನಗರಕ್ಕೆ ಹೋದರೆ ಕುರ್ಚಿ ಹೋಗುತ್ತದಾ?

ನಮಸ್ಕಾರ. ಮೂಢನಂಬಿಕೆ ಅಂದ ಕೂಡಲೇ ನಮ್ಮ ಟಿವಿಯವರು ಯಾವುದೋ ಹಳ್ಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗುತ್ತಾರೆ. ಮೈಮೇಲೆ ದೇವರು ಬಂದ ಹೆಂಗಸು, ಬೇವಿನ ಸೊಪ್ಪು, ಕೆಂಡದ ಗುಂಡಿ, ಹಿನ್ನೆಲೆಯಲ್ಲಿ ಢಂ ಢಂ ಅಂತ ಸಂಗೀತ. ಇವತ್ತು ನಾವು ಆ ಕಡೆ ಹೋಗೋದು ಬೇಡ. ಸೀದಾ ವಿಧಾನಸೌಧಕ್ಕೆ ಹೋಗೋಣ. ಕರ್ನಾಟಕದ ಅತ್ಯಂತ ಹಟಮಾರಿ ಮೂಢನಂಬಿಕೆ ಮನೆ ಮಾಡಿರೋದು ಅಲ್ಲೇ, ಮುಖ್ಯಮಂತ್ರಿಗಳು ಕೂರುವ ಮೂರನೇ ಮಹಡಿಯಲ್ಲಿ.

ನಿಮಗೆ ಗೊತ್ತಿರುವ ಕಥೆಯೇ. ಮುಖ್ಯಮಂತ್ರಿ ಆಗಿರುವಾಗ ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟರೆ ಅಧಿಕಾರ ಹೋಗುತ್ತದಂತೆ. ನಲವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಮಾತು ಓಡಾಡುತ್ತಿದೆ. ಮೈಸೂರಿನಿಂದ ಕಾರು ಹತ್ತಿದರೆ ಒಂದೂವರೆ ಗಂಟೆಯ ದಾರಿ. ಅಷ್ಟು ಹತ್ತಿರದ ಊರಿಗೆ ಹೋಗೋಕೆ ರಾಜ್ಯದ ದೊರೆಗಳು ಹೆದರಿದ್ದಾರೆ. ಊರಿಗೆ ಹೆಸರು ಬಂದಿದ್ದು ಮೈಸೂರು ಅರಸರಿಂದ. ಅರಿಕುಠಾರ ಅಂತ ಇದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟು, ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಅರಸರು ಅಷ್ಟು ಪ್ರೀತಿಯಿಂದ ನೋಡಿದ ಊರು ಮುಖ್ಯಮಂತ್ರಿಗಳಿಗೆ ಮಾತ್ರ ಆಗಿಬರಲ್ಲ ಅಂದರೆ ಏನು ಹೇಳೋಣ!

ಈ ಶಾಪವನ್ನು ನಂಬುವವರ ಹತ್ತಿರ ಒಂದು ಪಟ್ಟಿ ಇರುತ್ತದೆ. ನಂಬದವರಿಗೂ ಅದು ಬಾಯಿಪಾಠ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ. ಎಲ್ಲರೂ ಹೋಗಿ ಬಂದರು, ಎಲ್ಲರ ಕುರ್ಚಿಯೂ ಹೋಯಿತು. ಕೇಳಿದರೆ ಮೈ ಜುಮ್ ಅನ್ನುತ್ತದೆ, ಅಲ್ವಾ? ಸರಿ, ಒಬ್ಬೊಬ್ಬರದೇ ಕಡತ ತೆಗೆದು ನೋಡೋಣ.

ದೇವರಾಜ ಅರಸು 1979ರಲ್ಲಿ ಇಂದಿರಾ ಗಾಂಧಿಯವರ ಜೊತೆ ಮುರಿದುಕೊಂಡರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗೆದ್ದು ಬಂದರು. ಅರಸು ಅವರ ಸುತ್ತ ಇದ್ದ ಶಾಸಕರು ಒಬ್ಬೊಬ್ಬರಾಗಿ ಆ ಕಡೆ ಹೊರಟರು. ಗುಂಡೂರಾವ್ ಕಾಲದಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿತು, ಆಮೇಲೆ ಗೋಕಾಕ್ ಚಳವಳಿ ರಾಜ್ಯವನ್ನೇ ಬೀದಿಗೆ ತಂದಿತು. 1983ರಲ್ಲಿ ಜನ ಮನೆಗೆ ಕಳಿಸಿದರು. ಹೆಗಡೆಯವರು 1988ರಲ್ಲಿ ರಾಜೀನಾಮೆ ಕೊಟ್ಟಿದ್ದು ದೂರವಾಣಿ ಕದ್ದಾಲಿಕೆ ಪ್ರಕರಣದಲ್ಲಿ. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ಕೇಂದ್ರ ವಜಾ ಮಾಡಿತು. ಬಹುಮತ ಸಾಬೀತು ಮಾಡೋಕೆ ಅವಕಾಶವನ್ನೇ ಕೊಡಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆ ತೀರ್ಪನ್ನು ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಇನ್ನು ವೀರೇಂದ್ರ ಪಾಟೀಲರು. 1990ರಲ್ಲಿ ಅವರಿಗೆ ಆರೋಗ್ಯ ಕೆಟ್ಟಿತ್ತು, ರಾಜ್ಯದಲ್ಲಿ ಕೋಮುಗಲಭೆ ಆಗಿತ್ತು. ರಾಜೀವ್ ಗಾಂಧಿ ಬಂದು ನೋಡಿ, ವಾಪಸ್ ಹೋಗುವಾಗ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆ ಘೋಷಿಸಿಬಿಟ್ಟರು.

ಇಷ್ಟರಲ್ಲಿ ಚಾಮರಾಜನಗರ ಎಲ್ಲಿ ಬಂತು? ದೆಹಲಿ ಇದೆ, ಪಕ್ಷಾಂತರ ಇದೆ, ಗೋಲಿಬಾರ್ ಇದೆ, ಫೋನ್ ಇದೆ.

ಮುಂದಿನ ಹೆಸರುಗಳೂ ಹಾಗೆಯೇ. ಕುಮಾರಸ್ವಾಮಿ 2007ರಲ್ಲಿ ಹೋಗಿ ಬಂದರು, ಅದೇ ವರ್ಷ ಸರ್ಕಾರ ಬಿತ್ತು. ಇಪ್ಪತ್ತು ತಿಂಗಳು ನಿಮಗೆ, ಇಪ್ಪತ್ತು ತಿಂಗಳು ನಮಗೆ ಅಂತ ಬಿಜೆಪಿ ಜೊತೆ ಆಗಿದ್ದ ಒಪ್ಪಂದ ಮುರಿದುಬಿದ್ದಿತ್ತು. ಜಗದೀಶ ಶೆಟ್ಟರ್ ಹೋದರು, 2013ರ ಚುನಾವಣೆ ಸೋತರು. ಯಡಿಯೂರಪ್ಪನವರ ಕೆಜೆಪಿ, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಸೇರಿ ಬಿಜೆಪಿ ಮತವನ್ನು ಮೂರು ಪಾಲು ಮಾಡಿದ್ದವು. ಅದನ್ನು ಹೇಳೋಕೆ ಕವಡೆ ಹಾಕಬೇಕಾಗಿಲ್ಲ.

ಈಗ ಇನ್ನೊಂದು ಪಟ್ಟಿ. ಇದನ್ನು ಯಾರೂ ಓದೋದಿಲ್ಲ. ಹೋಗದೇ ಇದ್ದವರ ಪಟ್ಟಿ. ಧರ್ಮಸಿಂಗ್ ಹೋಗಲಿಲ್ಲ ಅನ್ನುತ್ತಾರೆ. 2004ರಲ್ಲಿ ಕೂತವರು 2006ರ ಆರಂಭದಲ್ಲಿ ಇಳಿದರು. ಯಡಿಯೂರಪ್ಪ ತಮ್ಮ ಮೊದಲ ದೊಡ್ಡ ಅವಧಿಯಲ್ಲಿ ಆ ಊರಿನ ಕಡೆ ತಲೆ ಹಾಕಲಿಲ್ಲ. ಗಣಿ ಬಗ್ಗೆ ಲೋಕಾಯುಕ್ತ ವರದಿ ಬಂತು, 2011ರ ಜುಲೈನಲ್ಲಿ ರಾಜೀನಾಮೆ. ಸದಾನಂದ ಗೌಡರೂ ಹೋಗಲಿಲ್ಲ. ಅವರಿಗೆ ಸಿಕ್ಕಿದ್ದು ಒಂದು ವರ್ಷವೂ ಪೂರ್ತಿ ಅಲ್ಲ. ಹೋಗದೇ ಇದ್ದಿದ್ದರಿಂದ ಯಾರ ಕುರ್ಚಿ ಉಳಿಯಿತು ಸ್ವಾಮಿ?

ನಿಜ ಏನೆಂದರೆ ಕರ್ನಾಟಕದಲ್ಲಿ ಮುಖ್ಯಮಂತ್ರಿ ಕುರ್ಚಿ ಇರೋದೇ ಹೋಗೋದಕ್ಕೆ. ಇಲ್ಲಿ ಐದು ವರ್ಷದ ಅವಧಿ ಮುಗಿಸಿದವರು ಅಂತ ಎಣಿಸಿದರೆ ಸಾಮಾನ್ಯವಾಗಿ ಹೇಳುವ ಹೆಸರು ಮೂರೇ. ನಿಜಲಿಂಗಪ್ಪ, ದೇವರಾಜ ಅರಸು, ಸಿದ್ದರಾಮಯ್ಯ. ಉಳಿದವರೆಲ್ಲ ಮಧ್ಯದಲ್ಲೇ ಇಳಿದವರು. ಇಂಥ ರಾಜ್ಯದಲ್ಲಿ ಯಾವ ಊರನ್ನು ಬೇಕಾದರೂ ಅಪಶಕುನದ ಊರು ಮಾಡಬಹುದು. ಹುಬ್ಬಳ್ಳಿಗೆ ಹೋಗಿ ಬಂದವರೂ ಕುರ್ಚಿ ಕಳೆದುಕೊಂಡಿದ್ದಾರೆ. ದಾವಣಗೆರೆಗೆ ಹೋದವರೂ ಕಳೆದುಕೊಂಡಿದ್ದಾರೆ. ಆದರೆ ಹುಬ್ಬಳ್ಳಿಗೆ ಹೋಗದೆ ರಾಜಕೀಯ ನಡೆಯೋದಿಲ್ಲ, ಆದ್ದರಿಂದ ಹುಬ್ಬಳ್ಳಿಗೆ ಶಾಪ ತಟ್ಟೋದಿಲ್ಲ. ಚಾಮರಾಜನಗರವನ್ನು ಬಿಟ್ಟರೂ ನಡೆಯುತ್ತದೆ. ನನ್ನ ವಾದ ಇರೋದು ಇಷ್ಟರಲ್ಲೇ. ನಮ್ಮ ನಾಯಕರು ಮೂಢರಾಗಿ ಹೆದರುತ್ತಿಲ್ಲ. ಲೆಕ್ಕ ಹಾಕಿ ಹೆದರುತ್ತಿದ್ದಾರೆ. ಹೋಗದಿದ್ದರೆ ತಮಗೆ ಪೈಸೆ ನಷ್ಟ ಇಲ್ಲ. ಹೋಗಿ, ನಾಳೆ ಏನಾದರೂ ಆದರೆ, ‘ನಾನು ಆಗಲೇ ಹೇಳಿದ್ದೆ’ ಅನ್ನೋಕೆ ಪಕ್ಷದೊಳಗೇ ಹತ್ತು ಜನ ಕಾದಿರುತ್ತಾರೆ.

ಧರ್ಮಗಳನ್ನು ಅಧ್ಯಯನ ಮಾಡುವವರು ಇದನ್ನು ಹೇಗೆ ನೋಡುತ್ತಾರೆ? ಇವಾನ್ಸ್-ಪ್ರಿಚರ್ಡ್ ಅಂತ ಒಬ್ಬ ಇಂಗ್ಲಿಷ್ ಮಾನವಶಾಸ್ತ್ರಜ್ಞ ಇದ್ದ. 1920ರ ದಶಕದಲ್ಲಿ ಸುಡಾನಿನ ದಕ್ಷಿಣ ಭಾಗದಲ್ಲಿ ಅಜಾಂಡೆ ಅನ್ನುವ ಜನರ ನಡುವೆ ಇದ್ದು, ಅವರ ಮಾಟಮಂತ್ರದ ನಂಬಿಕೆಗಳ ಬಗ್ಗೆ ಬರೆದ. ಅವನು ಕೊಟ್ಟ ಒಂದು ಉದಾಹರಣೆ ತುಂಬಾ ಹೆಸರಾಯಿತು. ಅಲ್ಲಿ ಕಾಳು ತುಂಬುವ ಕಣಜಗಳನ್ನು ಕಂಬಗಳ ಮೇಲೆ ಕಟ್ಟುತ್ತಾರೆ. ಬಿಸಿಲಲ್ಲಿ ಜನ ಅದರ ಕೆಳಗೆ ನೆರಳಿಗೆ ಕೂರುತ್ತಾರೆ. ಒಂದೊಂದು ಸಲ ಕಣಜ ಕುಸಿದು ಕೆಳಗಿದ್ದವರಿಗೆ ಪೆಟ್ಟಾಗುತ್ತದೆ. ಕಂಬವನ್ನು ಗೆದ್ದಲು ತಿಂದಿತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಅವರ ಪ್ರಶ್ನೆ ಬೇರೆ. ಇದೇ ಜನ ಕೂತಿದ್ದಾಗ, ಇದೇ ಹೊತ್ತಿಗೆ ಯಾಕೆ ಬಿತ್ತು? ಅದಕ್ಕೆ ಉತ್ತರ ಮಾಟ.

ಅಂದರೆ ಅವರು ಕಾರಣ ಗೊತ್ತಿಲ್ಲದ ದಡ್ಡರಲ್ಲ. ಕಾರಣ ಗೊತ್ತಿದ್ದೂ ‘ನನಗೇ ಯಾಕೆ’ ಅಂತ ಕೇಳುವವರು. ಆಸ್ಪತ್ರೆಯ ವಾರ್ಡಿನ ಹೊರಗೆ ಕೂತ ಯಾರು ಬೇಕಾದರೂ ಆ ಪ್ರಶ್ನೆ ಕೇಳಿರುತ್ತಾರೆ. ನನಗೆ ಆ ಪ್ರಶ್ನೆಯ ಬಗ್ಗೆ ತಕರಾರಿಲ್ಲ. ನಮ್ಮ ರಾಜಕಾರಣಿಗಳ ಕಣಜ ಬೀಳುವ ಮುಂಚೆ ಗೆದ್ದಲು ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರೋದಿಲ್ಲ. ಎಷ್ಟೋ ಸಲ ಗೆದ್ದಲು ಸಾಕಿದವರೂ ಅವರೇ. ಬಿದ್ದ ಮೇಲೆ ಮಾತ್ರ ಊರಿನ ಮೇಲೆ ತಪ್ಪು.

ಇನ್ನೊಂದು ತಮಾಷೆ ನೋಡಿ. ಈ ಶಾಪಕ್ಕೆ ಗಡಿ ಇದೆ. 1997ರಲ್ಲಿ ಮೈಸೂರಿನಿಂದ ಬೇರೆ ಮಾಡಿ ಚಾಮರಾಜನಗರವನ್ನು ಹೊಸ ಜಿಲ್ಲೆ ಮಾಡಿದರು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು. ಸಮಾಜವಾದಿ, ಯಾವುದಕ್ಕೂ ಅಂಜದ ಮಾತುಗಾರ. ಅಂಥವರ ಕಾಲದಲ್ಲೂ ಜಿಲ್ಲೆಯ ಉದ್ಘಾಟನೆ ಜಿಲ್ಲಾ ಕೇಂದ್ರದಲ್ಲಿ ಆಗಲಿಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ ಆಯಿತು. ಬೆಟ್ಟ ಇರೋದೂ ಅದೇ ಜಿಲ್ಲೆಯಲ್ಲಿ! ಅಲ್ಲಿಗೆ ಹೋಗಬಹುದು, ಪೂಜೆ ಮಾಡಿಸಬಹುದು, ಏನೂ ಆಗೋದಿಲ್ಲ. ಶಾಪ ನಗರಸಭೆಯ ವ್ಯಾಪ್ತಿಗೆ ಮಾತ್ರ. ಇಷ್ಟು ಕರಾರುವಾಕ್ಕಾದ ಶಾಪವನ್ನು ಕಂದಾಯ ಇಲಾಖೆಯವರೇ ಬರೆದಿರಬೇಕು.

ಯಾಕೆ ಆ ಊರೇ? ಇದಕ್ಕೆ ನನ್ನದೊಂದು ಊಹೆ. ಅದೇ ಜಿಲ್ಲೆಯ ಕೊಳ್ಳೇಗಾಲಕ್ಕೆ ಮಾಟದ ಊರು ಅಂತ ಬಹಳ ಹಿಂದಿನಿಂದ ಹೆಸರು. ಬೆಂಗಳೂರಲ್ಲಿ ಯಾರಿಗಾದರೂ ಸುಮ್ನೆ ‘ಕೊಳ್ಳೇಗಾಲದವನು’ ಅನ್ನಿ, ಎದುರಿಗಿದ್ದವರು ತಮಾಷೆಗಾದರೂ ಒಂದು ಹೆಜ್ಜೆ ಹಿಂದೆ ಇಡುತ್ತಾರೆ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿ, ಕಾಡು, ಬೆಟ್ಟ, ಸೋಲಿಗರು, ನೀಲಗಾರರು ಹಾಡುವ ಮಂಟೇಸ್ವಾಮಿ, ಕಂಸಾಳೆಯವರು ಹಾಡುವ ಮಾದಪ್ಪ. ರಾಜಧಾನಿಯ ಕಣ್ಣಿಗೆ ಇದೆಲ್ಲ ದೂರದ್ದು, ಸ್ವಲ್ಪ ಭಯದ್ದು. ಮಾಟ ಯಾವತ್ತೂ ಅಂಚಿನಲ್ಲಿರುವವರ ಹಣೆಗೇ ಅಂಟೋದು. ಕಲಬುರಗಿ, ಬೀದರ್ ಕಡೆಗೆ ಹೋದರೆ ಭಾನಾಮತಿ ಮಾಡಿದಳು ಅಂತ ಬಡ ಹೆಂಗಸಿನ ಕಡೆ ಬೆರಳು ತೋರಿಸುತ್ತಾರೆ. ಇಡೀ ಕರ್ನಾಟಕ ಸೇರಿ ಕೇರಳದ ಕಡೆ ತೋರಿಸುತ್ತದೆ. 2024ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ, ತಮ್ಮ ಮತ್ತು ಮುಖ್ಯಮಂತ್ರಿಗಳ ವಿರುದ್ಧ ಕೇರಳದಲ್ಲಿ ಶತ್ರು ಭೈರವಿ ಯಾಗ ನಡೆಯುತ್ತಿದೆ, ಪ್ರಾಣಿಬಲಿ ಕೊಡುತ್ತಿದ್ದಾರೆ ಅಂತ ಪತ್ರಕರ್ತರ ಮುಂದೆ ಹೇಳಿದರು. ಕೇರಳದವರು ಅಂಥದ್ದೇನೂ ನಡೆದಿಲ್ಲ ಅಂದರು. 2011ರಲ್ಲಿ ಯಡಿಯೂರಪ್ಪನವರೂ ವಿರೋಧಿಗಳು ತಮಗೆ ಮಾಟ ಮಾಡಿಸುತ್ತಿದ್ದಾರೆ ಅಂದಿದ್ದರು. ರೇವಣ್ಣನವರ ನಿಂಬೆಹಣ್ಣಂತೂ ಸದನದಲ್ಲೇ ಚರ್ಚೆಯಾಯಿತು. ಪಕ್ಷ ಯಾವುದು ಅನ್ನೋದು ಇಲ್ಲಿ ಮುಖ್ಯವೇ ಅಲ್ಲ, ನೋಡಿ.

ಸಿದ್ದರಾಮಯ್ಯನವರ ವಿಷಯಕ್ಕೆ ಬರೋಣ. 2013ರಲ್ಲಿ ಮುಖ್ಯಮಂತ್ರಿ ಆದ ಮೇಲೆ ಚಾಮರಾಜನಗರಕ್ಕೆ ಹೋದರು. ಮತ್ತೆ ಮತ್ತೆ ಹೋದರು. ಐದು ವರ್ಷ ಪೂರ್ತಿ ಮುಗಿಸಿದರು. 2023ರಲ್ಲಿ ಮತ್ತೆ ಮುಖ್ಯಮಂತ್ರಿ ಆದಾಗ, ವಾಸ್ತು ಸರಿಯಿಲ್ಲ ಅಂತ ಮುಚ್ಚಿಟ್ಟಿದ್ದ ತಮ್ಮ ಕೊಠಡಿಯ ಬಾಗಿಲನ್ನು ತೆಗೆಸಿದರು. ಇದನ್ನು ಮೆಚ್ಚಲೇಬೇಕು. 2018ರಲ್ಲಿ ಕಾಂಗ್ರೆಸ್‌ಗೆ ಬಹುಮತ ಸಿಗದಿದ್ದಾಗ ‘ನೋಡಿ, ಕೊನೆಗೂ ತಟ್ಟಿತು’ ಅಂದವರು ಇದ್ದಾರೆ. ಐದು ವರ್ಷ ಕಾದು ತಟ್ಟೋದಕ್ಕೆ ನಾವು ಚುನಾವಣೆ ಅಂತೀವಿ. 2016ರಲ್ಲಿ ಅವರ ಕಾರಿನ ಮೇಲೆ ಕಾಗೆ ಕೂತಿದ್ದನ್ನು ಸುದ್ದಿವಾಹಿನಿಗಳು ದಿನಗಟ್ಟಲೆ ತೋರಿಸಿದವು, ಜ್ಯೋತಿಷಿಗಳನ್ನು ಕೂರಿಸಿ ಶನಿಯ ಲೆಕ್ಕ ಹಾಕಿಸಿದವು. ಆಮೇಲೆ ಹೊಸ ಕಾರು ಬಂತು. ಅದಕ್ಕೂ ಕಾಗೆಗೂ ಸಂಬಂಧ ಇಲ್ಲ ಅಂತ ಅವರು ಹೇಳಿದರು. ನಂಬೋಣ. ಪಾಪ ಕಾಗೆ.

ಅವರದೇ ಸರ್ಕಾರ 2017ರಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮೌಢ್ಯ ನಿಷೇಧ ಕಾಯ್ದೆ ತಂದಿತು. ಎಷ್ಟೋ ವರ್ಷದ ಒತ್ತಾಯ, ಎಷ್ಟೋ ಕರಡು. 2015ರಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆ ಆದ ಮೇಲೆ ಈ ಕೂಗು ಇನ್ನೂ ಜೋರಾಗಿತ್ತು. ಕಾಯ್ದೆ ಜಾರಿಗೆ ಬಂದಿದ್ದು 2020ರಲ್ಲಿ. ಮಡೆಸ್ನಾನ, ನರಬಲಿ, ಬೆತ್ತಲೆ ಸೇವೆ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದ ಹಾಗೆ ತಡೆದು ಮಂತ್ರ ಹಾಕೋದು, ಇಂಥವನ್ನೆಲ್ಲ ಅದು ನಿಷೇಧಿಸುತ್ತದೆ. ಏಳು ವರ್ಷದವರೆಗೆ ಜೈಲು. ಒಳ್ಳೆಯ ಕೆಲಸ. ಮೈಗೆ ನೋವು ಕೊಡೋದನ್ನು, ಮಾನ ಕಳೆಯೋದನ್ನು ಕಾನೂನು ತಡೆಯಲೇಬೇಕು. ಆದರೆ ಜ್ಯೋತಿಷ್ಯ, ವಾಸ್ತು ಎರಡನ್ನೂ ಹೊರಗಿಟ್ಟರು. ಮನೆಯಲ್ಲಿ ಕೂತು ಜಾತಕ ತೋರಿಸುವ ಸಾಮಾನ್ಯನನ್ನು ಜೈಲಿಗೆ ಹಾಕಿ ಅಂತ ನಾನೂ ಹೇಳೋದಿಲ್ಲ. ಆದರೆ ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಅದರಲ್ಲಿರುವ ಮೈಗಳೆಲ್ಲ ಹೆಚ್ಚುಕಡಿಮೆ ಬಡವರವೇ. ಉಳ್ಳವರ ಮೌಢ್ಯಕ್ಕೆ ಅದರಲ್ಲಿ ಜಾಗವೇ ಇಲ್ಲ. ಸರ್ಕಾರಿ ದುಡ್ಡಲ್ಲಿ ವಾಸ್ತುವಿಗೆ ಗೋಡೆ ಒಡೆದರೆ, ರಾಹುಕಾಲ ನೋಡಿ ಕಡತಕ್ಕೆ ಸಹಿ ತಡ ಮಾಡಿದರೆ ಯಾವ ಕಲಮೂ ಹತ್ತಿರ ಬರೋದಿಲ್ಲ.

2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಜನ ಸತ್ತರು. ಆಕ್ಸಿಜನ್ ಸಿಗಲಿಲ್ಲ. ಮುಖ್ಯಮಂತ್ರಿಗಳು ಆ ಊರಿಗೆ ಬರದಿದ್ದದ್ದೇ ಇದಕ್ಕೆ ಕಾರಣ ಅಂತ ನಾನು ಹೇಳಿದರೆ, ಶಾಪದ ಪಟ್ಟಿ ಓದುವವರ ಸಾಲಿನಲ್ಲೇ ನಾನೂ ನಿಂತ ಹಾಗೆ. ಕಾರಣ ಪೂರೈಕೆಯಲ್ಲಿತ್ತು, ಅಧಿಕಾರಿಗಳ ನಡುವಿನ ಹೊಂದಾಣಿಕೆಯಲ್ಲಿತ್ತು. ನಾನು ಕೇಳೋದು ಇಷ್ಟೇ. ದೊರೆ ಬರುತ್ತಾರೆ ಅಂದರೆ ರಸ್ತೆ ರಿಪೇರಿ ಆಗುತ್ತದೆ, ಆಸ್ಪತ್ರೆಗೆ ಸುಣ್ಣ ಬಳಿಯುತ್ತಾರೆ, ಜಿಲ್ಲಾಧಿಕಾರಿ ಕಡತ ಹುಡುಕುತ್ತಾರೆ. ನಮ್ಮ ಆಡಳಿತ ಹಾಗಿದೆ, ಏನು ಮಾಡೋದು. ಒಂದು ಊರಿಗೆ ದಶಕಗಳ ಕಾಲ ಆ ಓಡಾಟ ಅಪರೂಪವೇ ಆಗಿತ್ತು ಅಂದರೆ ಅದರ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯೋದು?

ಹೊಸ ಮುಖ್ಯಮಂತ್ರಿ ಪ್ರಮಾಣವಚನ ತೆಗೆದುಕೊಂಡ ಕೂಡಲೇ ನಮ್ಮ ವರದಿಗಾರರು ನಗುತ್ತಾ ಕೇಳುತ್ತಾರೆ, ‘ಸಾರ್, ಚಾಮರಾಜನಗರಕ್ಕೆ ಹೋಗೋ ಧೈರ್ಯ ಇದೆಯಾ?’ ಆ ಪ್ರಶ್ನೆಯೇ ಶಾಪಕ್ಕೆ ನೀರೆರೆಯುತ್ತದೆ. ಮುಂದಿನ ಸಲ ಯಾವ ತಾರೀಕಿಗೆ ಹೋಗುತ್ತೀರಿ ಅಂತ ಕೇಳಲಿ. ‘ಜ್ಯೋತಿಷಿಗಳನ್ನು ಕೇಳಿ ಹೇಳ್ತೀನಿ’ ಅಂದರೆ, ಅದನ್ನೇ ಬ್ರೇಕಿಂಗ್ ನ್ಯೂಸ್ ಮಾಡಲಿ.